ಹಳೆಯ ವಿಧಿಯೂ ಹೊಸ ಚೀಟಿಯೂ: ಯಂತ್ರದ ತಿಳಿವಳಿಕೆಯನ್ನು ತಿದ್ದುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ಬ್ಯಾಂಕು, ಆಸ್ಪತ್ರೆ, ಸರಕಾರಿ ಕಚೇರಿಗಳಲ್ಲಿ ಗಣಕಯಂತ್ರವನ್ನು ಎದುರಿಗಿಟ್ಟುಕೊಂಡು ಕೆಲಸಮಾಡುತ್ತಿರುವರು. ಪೋಷಕರಾದರೋ ಅದೇ ಯಂತ್ರದ ಇನ್ನೊಂದು ಮಗ್ಗುಲಲ್ಲಿ, ಕಿಟಕಿಯ ಹೊರಗೆ, ಸಾಲಿನಲ್ಲಿ ನಿಲ್ಲುವವರು. ಈ ಎರಡು ಪಕ್ಷದವರಿಗೂ ಚೆನ್ನಾಗಿ ಪರಿಚಿತವಾದ ಮಾತೊಂದುಂಟು: “ನಾವೇನು ಮಾಡೋಣ, ಯಂತ್ರದಲ್ಲಿ ಹಾಗಿದೆ.” ಸಾಲ ತೀರಿಸಿದವರ ಹೆಸರು ಬಾಕಿದಾರರ ಪಟ್ಟಿಯಲ್ಲಿ ಉಳಿಯುವುದೂ, ಊರು ಬಿಟ್ಟು ವರ್ಷಗಳಾದವರಿಗೆ ಹಳೆಯ ವಿಳಾಸಕ್ಕೇ ಕಾಗದ ಹೋಗುವುದೂ ಈ ಮಾತಿನ ಮರೆಯಲ್ಲಿಯೇ ನಡೆಯುತ್ತವೆ. ಯಂತ್ರಕ್ಕೆ ಒಂದು ಸಂಗತಿಯನ್ನು ಮೊದಲ ಸಲ ತಿಳಿಸುವುದು ಸುಲಭ. ತಿಳಿಸಿದ್ದನ್ನು ಆಮೇಲೆ ತಿದ್ದುವುದು ಕಷ್ಟ. ಆ ಕಷ್ಟವು ಎಲ್ಲಿಂದ ಬಂದಿತು, ಅದನ್ನು ನೀಗಲು ತರ್ಕಶಾಸ್ತ್ರಜ್ಞರು ಏನು ಮಾಡಿದರು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಗಣಿತವನ್ನು ಬಿಟ್ಟು ಬಹುಕಾಲವಾಯಿತೆಂದು ಯಾರೂ ಅಂಜಬೇಕಾಗಿಲ್ಲ. ವಸತಿಗೃಹದಲ್ಲಿ ಇದ್ದವರಿಗೆ ಬೇಕಾದಷ್ಟು ತರ್ಕ ಆಗಲೇ ಗೊತ್ತಿದೆ.

ಹಲವು ವರ್ಷಗಳ ಕೆಳಗೆ ಒಂದು ಹುಡುಗಿಯರ ವಸತಿಗೃಹದಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಹೇಳುತ್ತೇವೆ. ಅಲ್ಲಿ ವಿಧಿಗಳನ್ನು ಬರೆದಿಡುವ ದಪ್ಪ ಪುಸ್ತಕವೊಂದಿತ್ತು. ತಿಂಗಳ ಎರಡನೆಯ ಶನಿವಾರ ಪೋಷಕರು ಬಂದರೆ ಹುಡುಗಿಯನ್ನು ಮನೆಗೆ ಕಳುಹಿಸಬಹುದೆಂದು ಅದರಲ್ಲಿ ಬರೆದಿತ್ತು. ಒಂದು ವರ್ಷ ಊರಿನಲ್ಲಿ ಸಾಂಕ್ರಾಮಿಕ ಜ್ವರ ಹರಡಿತು. ಮೇಟ್ರನ್ ಅಮ್ಮನವರು ಆ ವಿಧಿಯ ಮೇಲೆ ಕೆಂಪು ಶಾಯಿಯ ಗೀಟನ್ನೆಳೆದು, “ಜ್ವರವಿರುವುದರಿಂದ ಯಾರೂ ಹೋಗಕೂಡದು” ಎಂಬ ಚೀಟಿಯನ್ನು ಪಕ್ಕದಲ್ಲಿ ಅಂಟಿಸಿದರು. ಜ್ವರ ಕಡಮೆಯಾದ ಮೇಲೆ ಚೀಟಿಯನ್ನು ಕಿತ್ತುಹಾಕಿದರು. ಅಷ್ಟರಲ್ಲಿ ಆ ಅಮ್ಮನವರಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ಎರಡನೆಯ ಶನಿವಾರ ದೂರದ ಹಳ್ಳಿಯಿಂದ ಒಬ್ಬ ತಂದೆ ಬಂದು ಬಾಗಿಲಲ್ಲಿ ನಿಂತರು. ಹೊಸ ಮೇಟ್ರನ್ನರು ಪುಸ್ತಕ ತೆರೆದು ನೋಡಿದರು: ಕಳುಹಿಸಕೂಡದೆಂಬ ಚೀಟಿ ಇರಲಿಲ್ಲ, ಕಳುಹಿಸಬಹುದೆಂಬ ವಿಧಿಯೂ ಇರಲಿಲ್ಲ. “ಅಮ್ಮಾ, ಜ್ವರ ಹೋಗಿ ತಿಂಗಳಾಯಿತಲ್ಲ, ಮಗುವನ್ನು ಯಾಕೆ ಕಳುಹಿಸಲಾರಿರಿ?” ಎಂದು ಆತ ಕೇಳಿದ್ದಕ್ಕೆ, “ಏನು ಮಾಡಲಿ ಅಪ್ಪಾ, ಪುಸ್ತಕದಲ್ಲಿ ಅಪ್ಪಣೆ ಕಾಣುವುದಿಲ್ಲ” ಎಂಬ ಉತ್ತರ ಬಂದಿತು. ಮಗಳು ಮಹಡಿಯ ಕಿಟಕಿಯಿಂದ ನೋಡುತ್ತಿದ್ದಂತೆಯೇ ಆತ ಸಂಜೆಯ ಬಸ್ಸಿಗೆ ಹಿಂದಿರುಗಿದರು. ಅಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ಪುಸ್ತಕವನ್ನು ತಿದ್ದಿದ ಬಗೆ ತಪ್ಪಾಗಿತ್ತು, ಅಷ್ಟೆ.

ಈಗ ಆ ಪುಸ್ತಕದ ಸ್ಥಾನದಲ್ಲಿ ಯಂತ್ರವನ್ನು ಇಟ್ಟು ನೋಡೋಣ. ತನ್ನ ಸುತ್ತಲಿನ ಸಮಾಚಾರವನ್ನು ಗ್ರಹಿಸಿ, ತನ್ನಲ್ಲಿ ಸಂಗ್ರಹವಾಗಿರುವ ತಿಳಿವಳಿಕೆಯೊಡನೆ ಅದನ್ನು ಹೋಲಿಸಿ, ಮುಂದೇನು ಮಾಡತಕ್ಕದ್ದೆಂದು ತಾನೇ ತೀರ್ಮಾನಿಸುವ ತಂತ್ರಾಂಶಕ್ಕೆ ಏಜೆಂಟು ಎಂದು ಹೆಸರು. ವ್ಯಾಪಾರದಲ್ಲಿ ಯಜಮಾನನ ಪರವಾಗಿ ನಡೆದುಕೊಳ್ಳುವವನನ್ನು ಏಜೆಂಟನೆನ್ನುವ ಹಾಗೆಯೇ ಇದು. ಅದರಲ್ಲಿರುವ ತಿಳಿವಳಿಕೆಯ ಸಂಗ್ರಹವನ್ನು ಜ್ಞಾನಭಂಡಾರವೆನ್ನೋಣ. ಯಂತ್ರಕ್ಕೆ ಕೆಲಸದ ಹೆಜ್ಜೆಗಳನ್ನು ಒಂದೊಂದಾಗಿ ಅಪ್ಪಣೆಕೊಡುವುದಕ್ಕೆ ಬದಲಾಗಿ, ಲೋಕದ ಸಂಗತಿಗಳನ್ನು ವಾಕ್ಯಗಳಲ್ಲಿ ತಿಳಿಸಿ ಅದೇ ಯುಕ್ತಿಯಿಂದ ನಡೆಯುವಂತೆ ಮಾಡಬೇಕೆಂಬ ಸೂಚನೆಯನ್ನು ಅಮೆರಿಕದ ಜಾನ್ ಮೆಕಾರ್ಥಿ ಎಂಬ ವಿದ್ವಾಂಸರು 1959ರಲ್ಲಿ ಪ್ರಕಟವಾದ ಲೇಖನದಲ್ಲಿ ಮುಂದಿಟ್ಟರು. 1965ರಲ್ಲಿ ಅಲನ್ ರಾಬಿನ್ಸನ್ನರು ವಾಕ್ಯದಿಂದ ವಾಕ್ಯವನ್ನು ಸಾಧಿಸಲು ಯಂತ್ರಕ್ಕೆ ಒಪ್ಪುವ ಒಂದೇ ಒಂದು ಸೂತ್ರವನ್ನು ಕೊಟ್ಟರು. 1972ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಅಲೇನ್ ಕಾಲ್ಮೆರಾವರ್ ಮತ್ತು ಫಿಲಿಪ್ ರೂಸೆಲ್ ಎಂಬವರು ಪ್ರೋಲಾಗ್ ಎಂಬ ಯಂತ್ರಭಾಷೆಯನ್ನು ನಿರ್ಮಿಸಿದರು. ಅದರ ತಾರ್ಕಿಕ ತಳಹದಿಯನ್ನು ಸ್ಪಷ್ಟಪಡಿಸಿದವರು ಆಗ ಎಡಿನ್‌ಬರೋದಲ್ಲಿದ್ದ ರಾಬರ್ಟ್ ಕೊವಾಲ್‌ಸ್ಕಿ. ಹೀಗೆ ಹುಟ್ಟಿದ್ದು ಲಾಜಿಕ್ ಪ್ರೋಗ್ರಾಮಿಂಗ್, ಅಂದರೆ ತರ್ಕರೂಪವಾಗಿ ಕಾರ್ಯವಿಧಿಯನ್ನು ಬರೆಯುವ ಪದ್ಧತಿ.

ಇದರಲ್ಲಿ ಬರೆಯುವ ವಾಕ್ಯಗಳು ಎರಡೇ ಬಗೆ. “ಇಂದು ಎರಡನೆಯ ಶನಿವಾರ” ಎಂಬಂಥ ಸಂಗತಿ ಒಂದು. “ಇಂಥಿಂಥದು ಇದ್ದರೆ ಇಂಥದು ಆಗುವುದು” ಎಂಬ ವಿಧಿ ಇನ್ನೊಂದು. ವಸತಿಗೃಹದ ಪುಸ್ತಕವನ್ನು ಹೆಚ್ಚು ಬದಲಾವಣೆಯಿಲ್ಲದೆ ಈ ರೂಪಕ್ಕೆ ತರಬಹುದು. “ಎರಡನೆಯ ಶನಿವಾರವಾಗಿದ್ದು ಪೋಷಕರು ಬಂದಿದ್ದರೆ ಹುಡುಗಿ ಮನೆಗೆ ಹೋಗಬಹುದು.” ಯಂತ್ರವನ್ನು “ಈ ಹುಡುಗಿ ಹೋಗಬಹುದೇ?” ಎಂದು ಕೇಳಿದರೆ ಅದು ಹಿಂದಿನಿಂದ ಹುಡುಕಿಕೊಂಡು ಹೋಗುವುದು: ಹೋಗಬಹುದೆನ್ನುವ ವಿಧಿ ಯಾವುದು, ಅದಕ್ಕೆ ಬೇಕಾದ ನಿಬಂಧನೆಗಳಾವುವು, ಅವು ಸಂಗತಿಗಳಲ್ಲಿವೆಯೇ ಎಂದು. ಎಲ್ಲ ದೊರೆತರೆ “ಹೌದು” ಎಂದು ಉತ್ತರ.

ದೊರೆಯದಿದ್ದರೆ? ಇಲ್ಲಿಯೇ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಆ ತಂದೆಯವರನ್ನು ಹಿಂದಕ್ಕೆ ಕಳುಹಿಸಿದ್ದು ಇದೇ ಪ್ರಶ್ನೆ. ಸಾಧಿಸಲು ಬಾರದ್ದನ್ನು “ಇಲ್ಲ” ಎಂದು ಎಣಿಸುವುದು ಪ್ರೋಲಾಗಿನ ರೂಢಿ. ಇದಕ್ಕೆ ಕೀತ್ ಕ್ಲಾರ್ಕ್ ಎಂಬವರು 1978ರಲ್ಲಿ ಶಾಸ್ತ್ರೀಯವಾದ ಸಮರ್ಥನೆಯನ್ನು ಒದಗಿಸಿದರು. ನಾವೂ ದಿನವೂ ಹೀಗೆಯೇ ಮಾಡುವೆವು. ವೇಳಾಪಟ್ಟಿಯಲ್ಲಿ ಬುಧವಾರ ಸಂಗೀತ ತರಗತಿ ಬರೆದಿಲ್ಲದಿದ್ದರೆ ಅಂದು ಸಂಗೀತವಿಲ್ಲವೆಂದು ತಿಳಿಯುವೆವೇ ಹೊರತು, ಇಲ್ಲವೆಂದು ಬೇರೆಯಾಗಿ ಬರೆದಿರಬೇಕೆಂದು ಹಟಹಿಡಿಯುವುದಿಲ್ಲ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವ ಈ ಮಾರ್ಗವನ್ನು ನಮ್ಮ ದೇಶದ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂದು ಕರೆದು ಸ್ವತಂತ್ರ ಪ್ರಮಾಣವಾಗಿ ಒಪ್ಪಿದ್ದರು. ಆದರೆ ಪದಾರ್ಥವು ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಳದಲ್ಲಿ ಮಾತ್ರ ಅದು ಸಲ್ಲುವುದೆಂದು ಅವರು ಎಚ್ಚರಿಕೆಯಿಟ್ಟಿದ್ದರು. ಯಂತ್ರಕ್ಕೆ ಆ ಎಚ್ಚರಿಕೆಯಿಲ್ಲ. ಪಟ್ಟಿ ಪೂರ್ಣವಾಗಿರಲಿ ಅರೆಯಾಗಿರಲಿ, ಕಾಣದ್ದು ಅದಕ್ಕೆ ಇಲ್ಲದ್ದೇ.

ತಾಯಂದಿರಿಗೆ ಒಂದು ಉದಾಹರಣೆಯನ್ನು ಕೊಟ್ಟರೆ ಇದರ ಗುರುತ್ವ ಹೊಳೆದೀತು. “ಈ ಔಷಧ ಮಗುವಿಗೆ ಒಗ್ಗದೆಂಬ ಬರಹ ಕಾಣದಿದ್ದರೆ ಕೊಡು” ಎಂಬುದು ಒಂದು ವಿಧಿ. “ಈ ಔಷಧ ಮಗುವಿಗೆ ಒಗ್ಗುವುದೆಂದು ಬರಹವಿದ್ದರೆ ಕೊಡು” ಎಂಬುದು ಇನ್ನೊಂದು. ಎರಡೂ ಒಂದೇ ಮಾತಿನಂತೆ ಕಿವಿಗೆ ಬಿದ್ದರೂ, ಕಾಗದಪತ್ರ ಕಳೆದುಹೋದ ಮಗುವಿನ ವಿಷಯದಲ್ಲಿ ಅವುಗಳ ಫಲ ವಿರುದ್ಧವಾದುದು. ಮೈಕೇಲ್ ಗೆಲ್ಫಾಂಡ್ ಮತ್ತು ವ್ಲದಿಮಿರ್ ಲಿಫ್‌ಶಿಟ್ಸ್ ಎಂಬ ವಿದ್ವಾಂಸರು 1990ರ ಸುಮಾರಿಗೆ ಈ ಎರಡು ಬಗೆಯ “ಇಲ್ಲ”ಗಳನ್ನು ಬೇರೆಬೇರೆ ಚಿಹ್ನೆಗಳಿಂದ ಬರೆಯುವ ಏರ್ಪಾಟು ಮಾಡಿದರು. ಒಂದು “ಇದೆಯೆಂದು ತಿಳಿದಿಲ್ಲ”. ಇನ್ನೊಂದು “ಇಲ್ಲವೆಂದು ತಿಳಿದಿದೆ”.

ಕಾಣದ್ದನ್ನು ಇಲ್ಲವೆನ್ನುವ ಈ ರೂಢಿಯಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುವುದು. ಶಾಲೆಯಲ್ಲಿ ನಾವು ಕಲಿತ ರೇಖಾಗಣಿತದಲ್ಲಿ ಹೊಸ ಪ್ರಮೇಯ ಬಂದ ಮಾತ್ರಕ್ಕೆ ಹಳೆಯದು ಸುಳ್ಳಾಗುವುದಿಲ್ಲ. ತಿಳಿವಳಿಕೆ ಬೆಳೆದಂತೆ ನಿರ್ಣಯಗಳೂ ಬೆಳೆಯುವುವು. ಇಲ್ಲಿ ಹಾಗಲ್ಲ. ಹೊಸ ಸಂಗತಿಯೊಂದು ಬಂದರೆ ನಿನ್ನೆಯ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಬಹುದು. ನ್ಯಾಯಾಲಯದಲ್ಲಿಯೂ ಮನೆಯಲ್ಲಿಯೂ ಹೀಗೆಯೇ ನಡೆಯುವುದರಿಂದ ಇದು ದೋಷವಲ್ಲ. ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ಯಾವುದೆಂಬುದು ನಿಶ್ಚಯವಾಗಬೇಕು.

ಇದಕ್ಕೆ ನಿಜವಾದ ಒಂದು ದೃಷ್ಟಾಂತವುಂಟು. ಬ್ರಿಟನ್ನಿನ 1981ರ ಪೌರತ್ವ ಕಾಯಿದೆ 1983ರ ಜನವರಿ 1ರಿಂದ ಜಾರಿಗೆ ಬಂದಿತು. ಅದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮರೆಕ್ ಸರ್ಗಟ್, ಫರೀಬಾ ಸಾದ್ರಿ, ರಾಬರ್ಟ್ ಕೊವಾಲ್‌ಸ್ಕಿ ಮೊದಲಾದ ಆರು ಮಂದಿ ತರ್ಕವಿಧಿಗಳಾಗಿ ಬರೆದು 1986ರಲ್ಲಿ ಪ್ರಕಟಿಸಿದರು. ಆ ಕಾಯಿದೆಯ ಮೊದಲ ಕಲಮಿನಲ್ಲಿಯೇ ತಂದೆತಾಯಿಗಳು ಬಿಟ್ಟುಹೋದ ಹಸುಳೆಯ ಪ್ರಸ್ತಾಪವಿದೆ. ಆ ದೇಶದಲ್ಲಿ ಸಿಕ್ಕಿದ ಅಂಥ ನವಜಾತ ಶಿಶುವನ್ನು, ಅದಕ್ಕೆ ವಿರುದ್ಧವಾದುದು ತೋರಿಬಾರದಿದ್ದರೆ, ಅಲ್ಲಿಯೇ ಹುಟ್ಟಿದ್ದೆಂದೂ ಪೌರರ ಅಥವಾ ಅಲ್ಲಿ ನೆಲೆಸಿದವರ ಮಗುವೆಂದೂ ಎಣಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ತಾಯಿ ಯಾರೆಂದು ತಿಳಿಯದ ಕೂಸಿಗೆ ಕಾಯಿದೆಯು ಮಮತೆಯಿಂದ ತೆರೆದಿಟ್ಟ ಬಾಗಿಲಿದು. ಯಂತ್ರದ ಭಾಷೆಯಲ್ಲಿ ಇದು “ವಿರುದ್ಧ ಸಂಗತಿ ಸಿದ್ಧವಾಗದಿದ್ದರೆ” ಎಂಬ ನಿಬಂಧನೆ. ಹತ್ತು ವರ್ಷಗಳ ತರುವಾಯ ಹೆತ್ತವರು ಸಿಕ್ಕಿ, ಅವರು ಪರದೇಶದವರೆಂದು ಸಿದ್ಧವಾಯಿತೆನ್ನೋಣ. ಯಂತ್ರದ ಮೊದಲಿನ ನಿರ್ಣಯ ಕಳಚಿಬೀಳುವುದು. ಆಗ ಕೇಳಬೇಕಾದ ಪ್ರಶ್ನೆ: ಬದಲಾದದ್ದೇನು? ಮಗುವಿನ ಜನನವು ಬದಲಾಗಲಿಲ್ಲ, ಹೆತ್ತವರೂ ಬದಲಾಗಲಿಲ್ಲ. ಅವರು ಮೊದಲಿಂದಲೂ ಅವರೇ. ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ. ಇದಕ್ಕೆ ಬದಲಾಗಿ, ಒಬ್ಬಾಕೆ ಬೇರೆ ದೇಶದ ಪೌರತ್ವವನ್ನು ಪಡೆದು ಮೊದಲಿನದನ್ನು ತಾನಾಗಿ ತ್ಯಜಿಸಿದಳೆನ್ನಿರಿ. ಅಲ್ಲಿ ಲೋಕವೇ ಬದಲಾಯಿತು. ನಿನ್ನೆಯವರೆಗಿನ ನಿರ್ಣಯ ನಿನ್ನೆಯವರೆಗೆ ಸರಿಯಾಗಿಯೇ ಇತ್ತು.

“ನಾವು ತಪ್ಪು ತಿಳಿದಿದ್ದೆವು” ಎಂಬುದಕ್ಕೂ “ಕಾಲ ಬದಲಾಯಿತು” ಎಂಬುದಕ್ಕೂ ಇರುವ ಈ ಅಂತರವನ್ನು ತರ್ಕಶಾಸ್ತ್ರದಲ್ಲಿ ಖಚಿತಪಡಿಸಿದ್ದು ಈಚಿನ ಮಾತು. ನಂಬಿಕೆಯನ್ನು ಪರಿಷ್ಕರಿಸುವ ನಿಯಮಗಳನ್ನು 1985ರಲ್ಲಿ ಅರ್ಜೆಂಟೀನದ ಕಾರ್ಲೋಸ್ ಆಲ್ಚುರೋನ್, ಸ್ವೀಡನ್ನಿನ ಪೀಟರ್ ಯೆರ್ಡೆನ್‌ಫೋರ್ಸ್, ಡೇವಿಡ್ ಮೇಕಿನ್ಸನ್ ಎಂಬ ಮೂವರು ಸೇರಿ ಬರೆದರು. ಇವರಲ್ಲಿ ಆಲ್ಚುರೋನರು ನ್ಯಾಯಶಾಸ್ತ್ರದಲ್ಲಿ ಆಸಕ್ತರು. ಕಾಯಿದೆಯ ಒಂದು ಕಲಮನ್ನು ರದ್ದುಮಾಡಿದರೆ ಅದರಿಂದ ಹುಟ್ಟಿದ ಉಳಿದ ನಿರ್ಣಯಗಳ ಗತಿಯೇನೆಂಬ ವಿಚಾರದಿಂದಲೇ ಅವರು ಈ ಕಡೆಗೆ ಬಂದರೆಂಬುದು ಗಮನಾರ್ಹ. ಅವರ ಮಾರ್ಗದರ್ಶಕ ತತ್ವ ಸರಳವಾದುದು: ಹೊಸ ಸಂಗತಿಯನ್ನು ಅಂಗೀಕರಿಸಿ, ಹಳೆಯದರಲ್ಲಿ ಅದಕ್ಕೆ ಒಗ್ಗದಿರುವುದನ್ನು ಮಾತ್ರ, ಎಷ್ಟು ಕಡಮೆ ಸಾಧ್ಯವೋ ಅಷ್ಟು, ಬಿಡತಕ್ಕದ್ದು. 1991ರಲ್ಲಿ ಕಾತ್ಸುನೋ ಮತ್ತು ಮೆಂಡೆಲ್‌ಸೋನ್ ಎಂಬವರು, ಪರಿಷ್ಕಾರವೇ ಬೇರೆ, ನವೀಕರಣವೇ ಬೇರೆಯೆಂದು ತೋರಿಸಿಕೊಟ್ಟರು.

ನಮ್ಮದೇ ಒಂದು ಉದಾಹರಣೆಯಿಂದ ಇದನ್ನು ನೋಡಬಹುದು. ಆಫೀಸಿನ ಗೋಡೆಯ ಮೊಳೆಗೆ ಉಗ್ರಾಣದ ಬೀಗದಕೈ ಅಥವಾ ಪುಸ್ತಕಭಂಡಾರದ ಬೀಗದಕೈ, ಎರಡರಲ್ಲಿ ಒಂದು ಮಾತ್ರ ತೂಗಿದೆಯೆಂದು ನಮಗೆ ತಿಳಿದಿದೆ, ಯಾವುದೆಂದು ತಿಳಿಯದು. ಒಬ್ಬ ಹುಡುಗಿ ಬಂದು, “ಉಗ್ರಾಣದ ಕೈಯನ್ನು ಮೊಳೆಯಲ್ಲಿ ಕಂಡೆ” ಎಂದರೆ, ಪುಸ್ತಕಭಂಡಾರದ್ದು ಅಲ್ಲಿಲ್ಲವೆಂದು ನಿಶ್ಚಯಿಸಬಹುದು. ಇದು ಪರಿಷ್ಕಾರ. ಆದರೆ ಆಕೆ ಹೋಗುವ ಮೊದಲೇ ನಾವು ಜವಾನನನ್ನು ಕರೆದು, “ಉಗ್ರಾಣದ ಕೈ ಎಲ್ಲಿದ್ದರೂ ತಂದು ಮೊಳೆಗೆ ತೂಗುಹಾಕು” ಎಂದಿದ್ದರೆ? ಈಗ ಉಗ್ರಾಣದ ಕೈ ಮೊಳೆಯಲ್ಲಿರುವುದು ನಿಶ್ಚಯ. ಪುಸ್ತಕಭಂಡಾರದ್ದು ಮೊದಲಿಂದ ಅಲ್ಲಿದ್ದಿದ್ದರೆ ಇನ್ನೂ ಅಲ್ಲಿಯೇ ಇದ್ದೀತು, ಇಲ್ಲದಿದ್ದರೆ ಇಲ್ಲ. ಅದರ ವಿಷಯವಾಗಿ ಏನನ್ನೂ ನಿಶ್ಚಯಿಸಲಾಗದು. ಎರಡು ಸಲವೂ ಯಂತ್ರಕ್ಕೆ ನಾವು ತಿಳಿಸುವ ವಾಕ್ಯ ಒಂದೇ, “ಉಗ್ರಾಣದ ಕೈ ಮೊಳೆಯಲ್ಲಿದೆ” ಎಂದು. ಆ ವಾಕ್ಯವು ಕಂಡದ್ದರ ವರದಿಯೋ ಮಾಡಿದ್ದರ ವರದಿಯೋ ಎಂಬುದನ್ನು ಹೇಳದೆಹೋದರೆ ಯಂತ್ರವು ಇಲ್ಲದ ನಿಶ್ಚಯಕ್ಕೆ ಬರುವುದು. ಕಚೇರಿಯ ತಿದ್ದುಪಡಿ ಅರ್ಜಿಗಳಲ್ಲಿ ಈ ಎರಡಕ್ಕೂ ಒಂದೇ ಅಂಕಣವಿರುವುದನ್ನು ಕಂಡಾಗಲೆಲ್ಲ ನಮಗೆ ಈ ಮೊಳೆ ಜ್ಞಾಪಕಕ್ಕೆ ಬರುತ್ತದೆ.

ಇದುವರೆಗೆ ಹೇಳಿದ್ದು ಬಹುಮಟ್ಟಿಗೆ ಸಂಗತಿಗಳ ತಿದ್ದುಪಡಿ. ಏಜೆಂಟಿನ ಭಂಡಾರದಲ್ಲಿ ವಿಧಿಗಳೂ ಇರುವುವಷ್ಟೆ; ಅವೂ ಬದಲಾಗುವುವು. ಅವನ್ನು ತಿದ್ದುವುದು ಹೇಗೆ? ಪ್ರೋಲಾಗಿನಲ್ಲಿ ವಾಕ್ಯವೊಂದನ್ನು ಸೇರಿಸುವ ಅಪ್ಪಣೆಯೂ ತೆಗೆದುಹಾಕುವ ಅಪ್ಪಣೆಯೂ ಉಂಟು. ತೆಗೆದುಹಾಕುವುದೆಂದರೆ ಮೇಟ್ರನ್ನರ ಕೆಂಪು ಗೀಟು. ಕಾರಣವು ತೀರಿದ ಮೇಲೆ ವಿಧಿಯನ್ನು ಪುನಃ ಬರೆಯಲು ಯಾರಿಗಾದರೂ ನೆನಪಿರಬೇಕು. ತೆಗೆಯದೆ ಸೇರಿಸುತ್ತ ಹೋದರೆ, “ಹೋಗಬಹುದು”, “ಹೋಗಕೂಡದು” ಎಂಬೆರಡೂ ಏಕಕಾಲದಲ್ಲಿ ಸಿದ್ಧವಾಗಿ ವಿರೋಧ ಉಂಟಾಗುವುದು. ಸಾಂಪ್ರದಾಯಿಕ ತರ್ಕದಲ್ಲಿ ವಿರೋಧವುಳ್ಳ ಭಂಡಾರದಿಂದ ಯಾವ ಮಾತನ್ನು ಬೇಕಾದರೂ ಸಾಧಿಸಬಹುದಾದ್ದರಿಂದ ಅಂಥದು ಇದ್ದೂ ಇಲ್ಲದಂತೆ. ವಿಧಿಗಳ ಗೊಡವೆಯೇ ಬೇಡ, ಅವುಗಳಿಂದ ಬಂದ ನಿರ್ಣಯಗಳನ್ನು ಮಾತ್ರ ಒಂದು ಪಟ್ಟಿಯಲ್ಲಿಟ್ಟು ತಿದ್ದೋಣವೆಂದರೆ ಅದೂ ನಡೆಯದು. ಜ್ವರ ಬಂದಾಗ ಪಟ್ಟಿಯಲ್ಲಿ “ಹೋಗಕೂಡದು” ಎಂದು ತಿದ್ದಿದೆವು. ಜ್ವರ ಹೋದಾಗ “ಜ್ವರವಿಲ್ಲ” ಎಂದು ತಿದ್ದಿದೆವು. “ಹೋಗಕೂಡದು” ಎಂಬುದಕ್ಕೂ ಈಗಿನ ಸಂಗತಿಗಳಿಗೂ ಎದುರುಬದುರಾದ ವಿರೋಧವಿಲ್ಲದ್ದರಿಂದ ಅದು ಸುಮ್ಮನೆ ಉಳಿದುಕೊಳ್ಳುವುದು. ಯಾವ ಕಾರಣದಿಂದ ಆ ಮಾತು ಬಂದಿತ್ತೆಂಬುದು ಪಟ್ಟಿಗೆ ಗೊತ್ತಿಲ್ಲ. ಬಾಕಿದಾರರ ಪಟ್ಟಿಯಲ್ಲಿ ಹೆಸರು ಉಳಿಯುವುದು ಹಲವು ಸಲ ಹೀಗೆಯೇ ಎಂದು ನಮ್ಮ ಊಹೆ.

ಈ ತೊಡಕನ್ನು ಬಿಡಿಸುವ ಬಹು ಸೊಗಸಾದ ಉಪಾಯವೊಂದು 1990ರ ದಶಕದ ಕೊನೆಯಲ್ಲಿ ಪೋರ್ಚುಗಲ್ಲಿನಿಂದ ಬಂದಿತು. ಲಿಸ್ಬನ್ನಿನ ಜೊಸೆ ಆಲ್ಫೆರೆಸ್, ಜುವಾವ್ ಲೈತ್, ಲೂಯಿಸ್ ಮೊನಿಜ್ ಪೆರೈರಾ ಎಂಬವರೂ, ಕ್ಯಾಲಿಫೋರ್ನಿಯದಲ್ಲಿದ್ದ ಹಲೀನಾ ಪ್ಷಿಮುಸಿನ್‌ಸ್ಕಾ ಮತ್ತು ತೆಯೋದೋರ್ ಪ್ಷಿಮುಸಿನ್‌ಸ್ಕಿ ಎಂಬವರೂ ಕೂಡಿ ರೂಪಿಸಿದ ಈ ಪದ್ಧತಿಯ ವಿಸ್ತಾರವಾದ ಲೇಖನ 2000ದಲ್ಲಿ ಅಚ್ಚಾಯಿತು. ಜ್ಞಾನಭಂಡಾರವನ್ನು ಒಂದೇ ಹಾಳೆಯೆಂದು ಭಾವಿಸದೆ, ಕಾಲಕ್ರಮದಲ್ಲಿ ಒಂದರ ಮೇಲೊಂದು ಸೇರುತ್ತ ಹೋಗುವ ಹಾಳೆಗಳ ಸಾಲೆಂದು ಅವರು ಭಾವಿಸಿದರು. ಯಾವ ಹಾಳೆಯನ್ನೂ ಹರಿಯುವಂತಿಲ್ಲ, ಯಾವ ವಾಕ್ಯಕ್ಕೂ ಗೀಟೆಳೆಯುವಂತಿಲ್ಲ. ಹಳೆಯ ವಿಧಿಗೆ ವಿರುದ್ಧವಾದುದನ್ನು ಹೇಳುವ ಹೊಸ ವಿಧಿಯೊಂದು ಇದ್ದು, ಆ ಹೊಸ ವಿಧಿಯ ನಿಬಂಧನೆಗಳು ಈಗ ನೆರವೇರಿದ್ದರೆ ಮಾತ್ರ, ಹಳೆಯದು ಸದ್ಯಕ್ಕೆ ಬದಿಗೆ ಸರಿಯುವುದು. ಹಾಗಿಲ್ಲದಿದ್ದರೆ ಅದು ಎಂದಿನಂತೆ ಜಾರಿಯಲ್ಲಿರುವುದು.

ವಸತಿಗೃಹದ ಪುಸ್ತಕವನ್ನು ಹೀಗೆ ಬರೆದು ನೋಡೋಣ. ಮೊದಲ ಹಾಳೆ: ಎರಡನೆಯ ಶನಿವಾರ ಪೋಷಕರು ಬಂದರೆ ಹುಡುಗಿ ಹೋಗಬಹುದು. ಎರಡನೆಯ ಹಾಳೆ: ಊರಿನಲ್ಲಿ ಜ್ವರವಿದ್ದರೆ ಹುಡುಗಿ ಹೋಗಕೂಡದು; ಊರಿನಲ್ಲಿ ಜ್ವರವಿದೆ. ಈಗ ಪೋಷಕರು ಬಂದರೆ ಎರಡು ವಿಧಿಗಳೂ ಮಾತಾಡುವುವು. ಎರಡನೆಯ ಹಾಳೆಯದು ಈಚಿನದು, ಅದರ ನಿಬಂಧನೆಯೂ ನೆರವೇರಿದೆ. ಆದ್ದರಿಂದ ಮೊದಲಿನದು ಸುಮ್ಮನಾಗುವುದು. ಮೂರನೆಯ ಹಾಳೆಯಲ್ಲಿ ಒಂದೇ ಮಾತು: ಊರಿನಲ್ಲಿ ಜ್ವರವಿಲ್ಲ. ಇದು “ಜ್ವರವಿದೆ” ಎಂಬ ಸಂಗತಿಯನ್ನು ಬದಿಗೆ ಸರಿಸುವುದು. ಆಗ ಎರಡನೆಯ ಹಾಳೆಯ ವಿಧಿಗೆ ಆಧಾರ ತಪ್ಪುವುದು. ಅದು ಬಾಯಿಮುಚ್ಚಿದೊಡನೆ ಮೊದಲ ಹಾಳೆಯ ವಿಧಿ ತಾನಾಗಿಯೇ ಎದ್ದುನಿಲ್ಲುವುದು. ಯಾರೂ ಅದನ್ನು ಪುನಃ ಬರೆಯಲಿಲ್ಲ, ಯಾರೂ ನೆನಪಿಡಬೇಕಾಗಿರಲಿಲ್ಲ. ಮೇಟ್ರನ್ನರಿಗೆ ವರ್ಗವಾಗಿದ್ದರೂ ಚಿಂತೆಯಿಲ್ಲ. ಮುಂದಿನ ವರ್ಷ ಜ್ವರ ಮರುಕಳಿಸಿದರೆ ನಾಲ್ಕನೆಯ ಹಾಳೆಯಲ್ಲಿ “ಜ್ವರವಿದೆ” ಎಂಬ ಒಂದು ಮಾತು ಸಾಕು, ನಿಷೇಧದ ವಿಧಿ ಎರಡನೆಯ ಹಾಳೆಯಲ್ಲಿ ಕಾದುಕೊಂಡೇ ಇದೆ.

ಕನ್ನಡ ವ್ಯಾಕರಣವನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ಇದು ತೀರ ಹೊಸದಾಗಿ ತೋರಲಾರದು. ಸ್ವರದ ಮುಂದೆ ಸ್ವರ ಬಂದರೆ ಲೋಪ. ಊರು ಎಂಬುದಕ್ಕೆ ಅನ್ನು ಸೇರಿ ಊರನ್ನು ಎಂದಾಗುವುದು. ಆದರೆ ಲೋಪದಿಂದ ಅರ್ಥ ಕೆಡುವಲ್ಲಿ ಆಗಮ. ಮನೆ ಎಂಬುದಕ್ಕೆ ಅನ್ನು ಸೇರಿದಾಗ ಮನನ್ನು ಎನ್ನದೆ ಮನೆಯನ್ನು ಎನ್ನುವೆವು. ಆಗಮವಿಧಿ ಬಂದಿತೆಂದು ಲೋಪವಿಧಿಯನ್ನು ಯಾರೂ ಪುಸ್ತಕದಿಂದ ಹೊಡೆದುಹಾಕಲಿಲ್ಲ. ತನ್ನ ಸ್ಥಳದಲ್ಲಿ ಅದು ಬಾಧಿತವಾಯಿತು, ಉಳಿದೆಡೆ ಸುಖವಾಗಿದೆ. ವ್ಯತ್ಯಾಸವೊಂದುಂಟು: ವ್ಯಾಕರಣದಲ್ಲಿ ಸಾಮಾನ್ಯವನ್ನು ವಿಶೇಷವು ಬಾಧಿಸುವುದು, ಯಂತ್ರದ ಹಾಳೆಗಳಲ್ಲಿ ಹಿಂದಿನದನ್ನು ಈಚಿನದು ಬಾಧಿಸುವುದು.

ಉಪಾಯವು ಸೊಗಸಾದುದೆಂದೆವು, ನಿರ್ದೋಷವಾಗಿತ್ತೆನ್ನಲಿಲ್ಲ. “ಜ್ವರವಿದ್ದರೆ ಜ್ವರವಿದೆ” ಎಂಬ ವಾಕ್ಯವನ್ನು ಹೊಸ ಹಾಳೆಯಲ್ಲಿ ಬರೆದರೆ ಏನಾಗಬೇಕು? ಏನೂ ಆಗಬಾರದು, ಅದು ಏನನ್ನೂ ಹೇಳುತ್ತಿಲ್ಲ. ಆದರೆ ಮೊದಮೊದಲಿನ ವ್ಯಾಖ್ಯಾನಗಳಲ್ಲಿ ಇಂಥ ನಿಸ್ಸಾರವಾಕ್ಯವೂ ಕೆಲವು ಸಂದರ್ಭಗಳಲ್ಲಿ ಫಲವನ್ನು ಬದಲಿಸುತ್ತಿತ್ತು. ವಾಕ್ಯವು ತನ್ನನ್ನು ತಾನೇ ಆಧಾರವಾಗಿ ಹಿಡಿದು, ಹೊಸದೆಂಬ ಅಧಿಕಾರದಿಂದ, ಹಳೆಯ ಹಾಳೆಯ “ಜ್ವರವಿಲ್ಲ” ಎಂಬುದನ್ನು ಪಕ್ಕಕ್ಕೆ ತಳ್ಳಿಬಿಡುತ್ತಿತ್ತು. ಗಾಳಿಮಾತಿನ ಸ್ವಭಾವವೇ ಇದಲ್ಲವೆ! ಆಲ್ಫೆರೆಸ್, ಬಂತಿ, ಬ್ರೋಗಿ, ಲೈತ್ ಎಂಬ ನಾಲ್ವರು 2005ರಲ್ಲಿ ವ್ಯಾಖ್ಯಾನವನ್ನು ಬಿಗಿಗೊಳಿಸಿ, ತನಗೆ ತಾನೇ ಸಾಕ್ಷಿಯಾದ ಮಾತಿಗೆ ಬಲವಿರದಂತೆ ಮಾಡಿದರು.

ತಿದ್ದುಪಡಿಯನ್ನು ಅಪ್ಪಣೆಮಾಡುವ ಭಾಷೆಯೂ ಬೇಕಾಗಿತ್ತು. ವಸತಿಗೃಹದ ಸೂಚನಾಫಲಕದಲ್ಲಿ “ಇಂದು ಸಂಜೆ ಡ್ರಿಲ್ಲು ಇಲ್ಲ” ಎಂಬ ಸೂಚನೆಗೂ, “ಇನ್ನು ಮೇಲೆ ಶುಕ್ರವಾರ ಡ್ರಿಲ್ಲು ಇಲ್ಲ” ಎಂಬುದಕ್ಕೂ, “ಮಳೆ ಬಂದಾಗಲೆಲ್ಲ ಡ್ರಿಲ್ಲನ್ನು ನಿಲ್ಲಿಸತಕ್ಕದ್ದು” ಎಂಬುದಕ್ಕೂ ಇರುವ ಭೇದವನ್ನು ಐದನೆಯ ಇಯತ್ತೆಯ ಹುಡುಗಿಯೂ ಬಲ್ಲಳು. ಯಂತ್ರಕ್ಕೆ ಅದನ್ನು ಬಿಡಿಸಿ ಹೇಳಬೇಕು. ಅದೇ ಗುಂಪಿನವರು ರಚಿಸಿದ ಲಪ್ಸ್ ಎಂಬ ಭಾಷೆಯಲ್ಲಿ ಒಮ್ಮೆ ಮಾತ್ರ ಸಲ್ಲುವ ಸೂಚನೆ, ಸೇರಿದ ಮೇಲೆ ನಿಲ್ಲುವ ಸೂಚನೆ, ನಿಬಂಧನೆ ನೆರವೇರಿದಾಗಲೆಲ್ಲ ಸಲ್ಲುವ ಸೂಚನೆ, ಅದನ್ನು ರದ್ದುಗೊಳಿಸುವ ಸೂಚನೆ ಎಂದು ಬೇರೆಬೇರೆ ರೂಪಗಳಿವೆ. 2002ರಲ್ಲಿ ಬಂದ ಇವಾಲ್ಪ್ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ವಿಧಿಯ ಫಲವೇ ಇನ್ನೊಂದು ವಿಧಿಯಾಗಿರಬಹುದು. “ಇಂಥದು ನಡೆದರೆ, ನಾಳೆಯಿಂದ ಈ ವಿಧಿಯನ್ನು ನಿನ್ನ ಪುಸ್ತಕಕ್ಕೆ ಸೇರಿಸಿಕೊ” ಎಂದು ಏಜೆಂಟಿಗೆ ಮೊದಲೇ ಹೇಳಿಟ್ಟಿರಬಹುದು.

ಇಂದು ಮನೆಮನೆಯಲ್ಲಿಯೂ ಮಾತಾಗಿರುವ, ಕೇಳಿದ್ದಕ್ಕೆಲ್ಲ ನಿರರ್ಗಳವಾಗಿ ಉತ್ತರ ಬರೆಯುವ ಯಂತ್ರಗಳ ರಚನೆ ಇದಲ್ಲವೆಂಬುದನ್ನು ಪೋಷಕರಿಗೆ ತಿಳಿಸುವುದು ಯುಕ್ತ. ಅವುಗಳ ತಿಳಿವಳಿಕೆಯು ವಾಕ್ಯಗಳಾಗಿರದೆ ಕೋಟಿಗಟ್ಟಲೆ ಅಂಕಿಗಳಲ್ಲಿ ಹರಡಿಕೊಂಡಿದೆ. ತಿದ್ದಬೇಕಾದ ಸಾಲು ಇದೇ ಎಂದು ಬೆರಳಿಟ್ಟು ತೋರಿಸಲಾಗದು. ಆದಕಾರಣ ಬದಲಾಗುವ ಸಂಗತಿಗಳನ್ನು ಅವುಗಳ ಹೊರಗೆ, ಬೇರೊಂದು ಭಂಡಾರದಲ್ಲಿ, ಓದಲು ಬರುವ ರೂಪದಲ್ಲಿಟ್ಟು, ಉತ್ತರಕೊಡುವ ಮುಂಚೆ ನೋಡಿಕೊಳ್ಳುವಂತೆ ಮಾಡುವುದುಂಟು. ಆ ಭಂಡಾರವನ್ನು ತಿದ್ದುವಾಗ ಕೆಂಪು ಗೀಟು, ಚೀಟಿ, ಮೊಳೆಯ ಬೀಗದಕೈ ಎಲ್ಲವೂ ಮರಳಿ ಬರುವುವು.

ಒಂದು ವಿಷಯ ಉಳಿಯಿತು. ಈಚಿನದೇ ಮೇಲೆಂಬ ನಿಯಮವು ಎಲ್ಲ ಕಡೆಯೂ ಸಲ್ಲುವುದೇ? ವೈದ್ಯರು ಸಹಿಮಾಡಿ ಸೋಮವಾರ ಕೊಟ್ಟ ನಿಷೇಧವನ್ನು ಮಂಗಳವಾರ ಅಡಿಗೆಯವರ ಚೀಟಿಯೊಂದು ತಳ್ಳಿಹಾಕಕೂಡದು. ವಕೀಲರಿಗೆ ಈ ವಿಷಯದಲ್ಲಿ ಮೂರು ಅಳತೆಗೋಲುಗಳಿವೆ: ಈಚಿನದು, ವಿಶೇಷವಾದುದು, ಮೇಲಿನ ಅಧಿಕಾರದಿಂದ ಬಂದದ್ದು. ಇವು ಒಂದನ್ನೊಂದು ಅಡ್ಡಗಟ್ಟಿದಾಗ ಯಾವುದು ಗೆಲ್ಲಬೇಕೆಂಬುದಕ್ಕೆ ಅವರಲ್ಲಿಯೂ ಜಗಳವುಂಟು. ಲೈತ್, ಆಲ್ಫೆರೆಸ್, ಪೆರೈರಾ ಇವರು 2001ರಲ್ಲಿ ಹಾಳೆಗಳನ್ನು ಒಂದೇ ಸಾಲಿನಲ್ಲಿಡದೆ, ಕಾಲದ ದಿಕ್ಕು ಒಂದು, ಅಧಿಕಾರದ ದಿಕ್ಕು ಇನ್ನೊಂದು ಎಂಬಂತೆ ಹಲವು ದಿಕ್ಕುಗಳಲ್ಲಿ ಜೋಡಿಸುವ ಏರ್ಪಾಟನ್ನು ಸೂಚಿಸಿದರು. ಯಾವ ಹಾಳೆ ಯಾವುದಕ್ಕಿಂತ ಮೇಲೆಂಬುದನ್ನು ಮಾತ್ರ ಯಂತ್ರವು ತಾನಾಗಿ ನಿಶ್ಚಯಿಸುವುದಿಲ್ಲ. ಅದನ್ನು ಬರೆದುಕೊಡಬೇಕಾದವರು ಕಿಟಕಿಯ ಒಳಗೆ ಕುಳಿತವರು. ಬರೆದುಕೊಟ್ಟವರು ಯಾರೆಂದು ಕೇಳುವ ಹಕ್ಕು ಕಿಟಕಿಯ ಹೊರಗೆ ನಿಂತವರಿಗೆ ಉಂಟು. ಮೇಲೆ ಹೇಳಿದ ವಸತಿಗೃಹದಲ್ಲಿ ಈಗ ಚೀಟಿಗಳನ್ನು ಕೀಳುವುದಿಲ್ಲ. ಪ್ರತಿಯೊಂದರ ಮೇಲೂ ತಾರೀಖು, ಕಾರಣ, ಬರೆದವರ ಸಹಿ ಇರುತ್ತವೆ. ಗುಂಡುಸೂಜಿಯಿಂದ ಚುಚ್ಚಿಟ್ಟ ಆ ಚೀಟಿಗಳ ಅಡಿಯಲ್ಲಿ ಎರಡನೆಯ ಶನಿವಾರದ ವಿಧಿಯನ್ನು ಯಾರು ಬೇಕಾದರೂ ಓದಬಹುದು.